ಶಾರ್ಪ್ ಆಬ್ಜೆಕ್ಟ್ಸ್: ತಾಯಿಯ ಮನೆಯಲ್ಲೇ ಕೊಲೆಯ ಜಾಡು

ಗಿಲಿಯನ್ ಫ್ಲಿನ್ ಅವರ ಈ ಮೊದಲ ಕಾದಂಬರಿಯನ್ನು (2006) ಕೊಲೆಗಾರ ಯಾರೆಂಬ ಕುತೂಹಲಕ್ಕಿಂತ ಆ ಮನೆಯ ಉಸಿರುಗಟ್ಟಿಸುವ ವಾತಾವರಣಕ್ಕಾಗಿ ಓದಬೇಕು. ಶಿಕಾಗೋದ ವರದಿಗಾರ್ತಿ ಕೆಮಿಲ್, ಒಬ್ಬ ಹುಡುಗಿಯ ಕೊಲೆ, ಇನ್ನೊಬ್ಬಳ ಕಣ್ಮರೆಯ ಬಗ್ಗೆ ಬರೆಯಲು ಮಿಸೌರಿಯ ತನ್ನ ಹುಟ್ಟೂರಿಗೆ ಬರುತ್ತಾಳೆ. ಉಳಿದುಕೊಳ್ಳುವುದು ತಾಯಿ ಅಡೋರಾ, ಮಲತಂದೆ, 13ರ ತಂಗಿ ಆಮಾ ಇರುವ ಮನೆಯಲ್ಲಿ.

ಕೆಮಿಲ್ ತನ್ನ ಮೈಮೇಲೆಲ್ಲ ಪದಗಳನ್ನು ಕೊರೆದುಕೊಂಡವಳು. ಸನ್ನಿವೇಶ ಬಿಗಿಯಾದಾಗ ಅವುಗಳಲ್ಲಿ ಒಂದು ಪದ ಉರಿಯತೊಡಗುತ್ತದೆ. ಅವಳ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಬೇರೆಯಾಗಿ ವಿವರಿಸುವ ಅಗತ್ಯವೇ ಬೀಳುವುದಿಲ್ಲ, ಎಂಥ ಕಸುಬುದಾರಿಕೆ! ಆಮಾಳ ಗೊಂಬೆಮನೆಯ ಭಾಗಗಳನ್ನಂತೂ ಗಮನವಿಟ್ಟು ಓದಿ. ಅದು ಅವರ ಮನೆಯದೇ ತದ್ರೂಪು. ಅಲ್ಲಿನ ಒಂದು ವಿವರವೂ ಸುಮ್ಮನೆ ಬಂದಿಲ್ಲ.

ಪೊಲೀಸ್ ತನಿಖೆ ಮಾತ್ರ ಸಪ್ಪೆ. ಕ್ಯಾನ್ಸಸ್ ಸಿಟಿಯಿಂದ ಬಂದ ಪತ್ತೇದಾರನ ಪಾತ್ರ ಕೆಮಿಲ್‌ಳ ಕಥೆಗೆ ಬೇಕಾದಷ್ಟೇ ಬೆಳೆದಿದೆ. ಕೊನೆಯ ತಿರುವು ಕೆಲವೇ ಪುಟಗಳಲ್ಲಿ ಮುಗಿದುಹೋಗುವುದರಿಂದ ಅದನ್ನು ಅರಗಿಸಿಕೊಳ್ಳಲು ಓದುಗರಿಗೆ ಸಮಯ ಸಿಗುವುದಿಲ್ಲ.

ಇದನ್ನು ಆಧರಿಸಿದ 2018ರ ಎಚ್‌ಬಿಒ ಟಿವಿ ಸರಣಿಯನ್ನು (8 ಕಂತು) ಪುಸ್ತಕ ಮುಗಿಸಿದ ಮೇಲೆಯೇ ನೋಡಿ. ಸ್ವಂತ ಮೈಗೆ ಗಾಯ ಮಾಡಿಕೊಳ್ಳುವುದು, ಮಕ್ಕಳ ಮೇಲಿನ ಹಿಂಸೆ ಇವನ್ನು ಓದಲಾಗದವರು ಈ ಪುಸ್ತಕವನ್ನು ಕೈಗೆತ್ತಿಕೊಳ್ಳದಿರುವುದೇ ಒಳ್ಳೆಯದು.