ಕೃಷಿ ಹೊಂಡ ಹೇಗಿದೆ? ಚಳ್ಳಕೆರೆ ಕಡೆಯ ಶೇಂಗಾ ರೈತನ ಅನುಭವ

2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ನಮ್ಮ ಹೊಲಕ್ಕೂ ಮಳೆ ನೀರು ಹಿಡಿದಿಡುವ ಹೊಂಡ ಬಂತು. ನಮ್ಮದು ಕೆಂಪು ಮಣ್ಣು, ನೀರು ಬೇಗ ಇಂಗುತ್ತದೆ. ಹಾಗಾಗಿ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು.

ಶೇಂಗಾ ಕಾಯಿ ಕಟ್ಟುವ ಹೊತ್ತಿಗೇ ಮಳೆ ಕೈಕೊಡುತ್ತದೆ, ಅಲ್ವಾ? ಮೊದಲು ಮೋಡ ನೋಡುತ್ತಾ ಕೂರುತ್ತಿದ್ದೆವು. ಈಗ ಡೀಸೆಲ್ ಪಂಪ್ ಹಚ್ಚಿ ಸ್ಪ್ರಿಂಕ್ಲರ್‌ನಲ್ಲಿ ಒಂದು ನೀರು ಕೊಡುತ್ತೇವೆ. ಆ ಒಂದು ನೀರಿಗೇ ಬೆಳೆ ಉಳಿಯುತ್ತದೆ. ನನಗಂತೂ ಇದು ಬೋರ್‌ವೆಲ್‌ಗಿಂತ ಜಾಸ್ತಿ ನಂಬಿಕೆಯ ಆಸರೆ.

ಹಾಳೆ ಮಾತ್ರ ಬಿಸಿಲಿಗೆ ಬೇಗ ಹರಿಯಿತು. ಮಾರಿದವರು ತಿರುಗಿಯೂ ನೋಡಲಿಲ್ಲ. ದಪ್ಪ ನೋಡಿಯೇ ತಗೊಳ್ಳಿ, ಬಿಲ್ ಜೋಪಾನ.

ಹೊಂಡದ ಸುತ್ತ ಬೇಲಿ ಹಾಕಿಸದೆ ನೀರು ತುಂಬಿಸಲೇಬೇಡಿ. ಹಾಳೆ ಜಾರುತ್ತದೆ. ಮಗುವಾಗಲಿ ಕರುವಾಗಲಿ ಬಿದ್ದರೆ ಹತ್ತಿ ಬರಲಾರವು.