ಭೋಸರಿಯ ಲ್ಯಾಬ್, ನನ್ನ ಅಶ್ವಗಂಧ ಮತ್ತು 0.42ರ ಕಥೆ

ಧಾಯರಿಯಲ್ಲಿ ಎರಡು ಗ್ರೈಂಡರ್ ಇಟ್ಟುಕೊಂಡು ಚೂರ್ಣ ಮಾಡುತ್ತೇನೆ. ಊರು ಶಿರಸಿ ಕಡೆ, ಪುಣೆಗೆ ಬಂದು ಹದಿನಾರು ವರ್ಷ. ಅಶ್ವಗಂಧ, ತ್ರಿಫಲಾ, ಶತಾವರಿ, ಇಷ್ಟೇ ನನ್ನ ಅಂಗಡಿ. ಹೋದ ಮಳೆಗಾಲದಲ್ಲಿ ಹೊರದೇಶಕ್ಕೆ ಮಾಲು ಕಳಿಸುವವರೊಬ್ಬರು ಅಶ್ವಗಂಧ ಕೇಳಿದರು. ಜೊತೆಗೆ ಭಾರಲೋಹದ ರಿಪೋರ್ಟ್ ಬೇಕು ಅಂದರು. ಆಯುಷ್ ಮಿತಿ ಹೀಗಿದೆ: ಸೀಸ 10 ಪಿಪಿಎಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಒಂದು ಪಿಪಿಎಂ ಅಂದರೆ ಕಿಲೋಗೆ ಒಂದು ಮಿಲಿಗ್ರಾಂ. ಅಂದರೆ ಕ್ಯಾಡ್ಮಿಯಂ ಕಿಲೋ ಪುಡಿಯಲ್ಲಿ ಒಂದು ಮಿಲಿಗ್ರಾಂನ ಮೂರನೇ ಒಂದು ಪಾಲೂ ಇರಬಾರದು.

ಮೊದಲು ಮನೆ ಹತ್ತಿರದ ಲ್ಯಾಬಿಗೆ ಕೊಟ್ಟೆ. ಹೆಸರು ಬೇಡ. ಮೂರೇ ದಿನದಲ್ಲಿ ರಿಪೋರ್ಟ್ ಬಂತು. ಪಾದರಸ ಪತ್ತೆಯಾಗಿಲ್ಲ, ಕ್ಯಾಡ್ಮಿಯಂ 0.42. ಫೇಲ್. 80 ಕಿಲೋ ಬೇರು ಗೋಡೌನಿನಲ್ಲಿ ಕೂತಿತ್ತು. ಆ ರಾತ್ರಿ ಊಟ ಸೇರಲಿಲ್ಲ. ಫೋನ್ ಮಾಡಿ ಕೇಳಿದರೆ "ಮಷೀನ್ ಏನು ತೋರಿಸುತ್ತೋ ಅದನ್ನೇ ಕೊಟ್ಟಿದ್ದೇವೆ ಮೇಡಂ" ಅಂತ ಇಟ್ಟುಬಿಟ್ಟರು.

ಪರಿಚಯದವರು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಇನ್ನೊಂದು ಲ್ಯಾಬ್ ಹೇಳಿದರು. ಈಗ ಬರೆಯುತ್ತಿರುವುದು ಅದರ ಬಗ್ಗೆ. ಇದರ ಹೆಸರನ್ನೂ ಹಾಕುವುದಿಲ್ಲ, ಯಾಕೆಂದರೆ ಕೊನೆಗೆ ಸ್ವಲ್ಪ ಬೈಯುವುದೂ ಇದೆ. ಧಾಯರಿಯಿಂದ ಸ್ಕೂಟರಿನಲ್ಲಿ ಒಂದೂಕಾಲು ಗಂಟೆ. ನಾಶಿಕ್ ಫಾಟಾ ದಾಟುವಷ್ಟರಲ್ಲಿ ಸೊಂಟ ಮಾತಾಡುತ್ತದೆ.

ಕೌಂಟರಿನಲ್ಲಿ ಮರಾಠಿಯಲ್ಲಿ ಶುರು ಮಾಡಿದೆ. ನನ್ನ ಮರಾಠಿ ಕೇಳಿ ಒಳಗಿಂದ ಒಬ್ಬ ಹುಡುಗ ಬಂದ. "ಅಕ್ಕಾರ, ನೀವು ಕನ್ನಡದವರೇನ್ರೀ?" ವಿಜಯಪುರದವನು, ಅಲ್ಲಿನ ಅನಲಿಸ್ಟ್. ಆಮೇಲೆ ಅವನು ಕೇಳಿದ ಪ್ರಶ್ನೆಗಳು ನನಗೆ ಹೊಸವು. ಬೇರು ತೊಳೆದು ಒಣಗಿಸಿದ್ದೋ, ಹಾಗೇ ಒಣಗಿಸಿದ್ದೋ? ಯಾವುದರಲ್ಲಿ ಪುಡಿ ಮಾಡಿದ್ರಿ? ಹಳೆ ರಿಪೋರ್ಟಿನಲ್ಲಿ ಕಬ್ಬಿಣ ಎಷ್ಟು? ಕಬ್ಬಿಣ ಯಾರೂ ನೋಡಿಯೇ ಇರಲಿಲ್ಲ. "ನೋಡಬೇಕಿತ್ರೀ" ಅಂದ.

ಯಾಕೆ ಅಂತ ಅವನೇ ಬಿಡಿಸಿ ಹೇಳಿದ. ಸಾರು ಉಕ್ಕಿ ಒಲೆಗೆ ಬಿದ್ದರೆ ಗ್ಯಾಸಿನ ನೀಲಿ ಉರಿ ಹಳದಿಯಾಗುತ್ತದೆ, ಅಲ್ವಾ? ಅದು ಉಪ್ಪಿನಲ್ಲಿರುವ ಸೋಡಿಯಂ ಬೆಳಕು. ಪ್ರತಿ ಲೋಹಕ್ಕೂ ಬಿಸಿಯಾದಾಗ ಹೀಗೆ ತನ್ನದೇ ಬೆಳಕಿನ ಗೆರೆಗಳಿವೆ. ಗೆರೆ ಎಷ್ಟು ಪ್ರಖರವೋ ಲೋಹ ಅಷ್ಟು ಜಾಸ್ತಿ. ಅವರ ಮಷೀನಿನ ಹೆಸರು ಐಸಿಪಿ-ಒಇಎಸ್. ಅದರಲ್ಲಿ ಗ್ಯಾಸ್ ಉರಿಯ ಬದಲು ಆರ್ಗಾನ್ ಪ್ಲಾಸ್ಮಾ, ಅಂದರೆ ವಿಪರೀತ ಕಾಯಿಸಿದ ಆರ್ಗಾನ್ ಅನಿಲ. 6,000ದಿಂದ 10,000 ಕೆಲ್ವಿನ್, ಸೂರ್ಯನ ಮೈಗಿಂತಲೂ ಬಿಸಿ. ಕಪ್ಪು ಗಾಜಿನ ಕಿಂಡಿಯಲ್ಲಿ ತೋರಿಸಿದ. ದೀಪದ ಕುಡಿಗಿಂತ ಸ್ವಲ್ಪ ದೊಡ್ಡದು, ಬಿಳಿ. ಇಷ್ಟೇನಾ ಅನಿಸಿತು.

ಒಂದೇ ಲೋಹವಿದ್ದರೆ ಕಷ್ಟವಿಲ್ಲ. ಆದರೆ ಬೇರಿನ ಪುಡಿಯಲ್ಲಿ ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಎಲ್ಲ ಒಟ್ಟಿಗೇ ಹೊಳೆಯುತ್ತವೆ. ಕ್ಯಾಡ್ಮಿಯಂ ಅಳೆಯುವ ಗೆರೆಗಳಲ್ಲಿ ಒಂದು 226.502 ನ್ಯಾನೋಮೀಟರ್ ತರಂಗಾಂತರದ್ದು. ಅದಕ್ಕೆ ಅಂಟಿಕೊಂಡೇ ಕಬ್ಬಿಣದ ಗೆರೆ ಇದೆ. ಸಂತೆಯ ಗದ್ದಲದಲ್ಲಿ ಮಗು ಅಳುವುದನ್ನು ಕೇಳಿಸಿಕೊಂಡ ಹಾಗೆ. ಕಬ್ಬಿಣದ ಪಾಲು ಕಳೆಯದಿದ್ದರೆ ಅದೂ ಕ್ಯಾಡ್ಮಿಯಂ ಲೆಕ್ಕಕ್ಕೇ ಸೇರುತ್ತದೆ. 228.802ರ ಗೆರೆ ಬಳಸಿದರೆ ಅಲ್ಲಿ ಆರ್ಸೆನಿಕ್ ಕಾಟ. ಹಾಗಾಗಿ ಇವರು 214.4ರದ್ದೂ ಸೇರಿ ಮೂರು ಗೆರೆ ನೋಡಿ, ತಿದ್ದುಪಡಿ ಮಾಡಿ, ಮೂರೂ ಒಂದೇ ಮಾತು ಹೇಳುತ್ತವಾ ಅಂತ ತಾಳೆ ಹಾಕುತ್ತಾರೆ.

ನನ್ನ ಪುಡಿಯಲ್ಲಿ ಕಬ್ಬಿಣ 900 ಪಿಪಿಎಂ ಹತ್ತಿರ ಬಂತು. ಸುಮ್ನೆ ಮಣ್ಣು. ನಿಜವಾದ ಕ್ಯಾಡ್ಮಿಯಂ 0.11. ಸೀಸ 4.1. ಪಾಸ್.

ನನಗೆ ನಂಬಿಕೆ ಬರಿಸಿದ್ದು ಪಾಸ್ ಆಗಿದ್ದಲ್ಲ. ಪಾಸ್ ಮಾಡಿಕೊಡುವ ಲ್ಯಾಬುಗಳು ಬೇಕಾದಷ್ಟಿವೆ. ಇವರು ನನ್ನದೇ ಪುಡಿಗೆ ಗೊತ್ತಿರುವಷ್ಟು ಕ್ಯಾಡ್ಮಿಯಂ ಬೇಕಂತಲೇ ಬೆರೆಸಿ, ಅದು ಎಷ್ಟು ವಾಪಸ್ ಸಿಕ್ಕಿತು ಅಂತ ರಿಪೋರ್ಟಿನಲ್ಲೇ ಬರೆದಿದ್ದರು: 94 ಶೇಕಡಾ. ಜೊತೆಗೆ ಪೀಚ್ ಎಲೆಯ ಪುಡಿಯನ್ನೂ ಓಡಿಸಿದ್ದರು. ಅದು ಅಮೆರಿಕದ ಸರ್ಕಾರಿ ಅಳತೆ-ಮಾನಕ ಸಂಸ್ಥೆ ಎನ್‌ಐಎಸ್‌ಟಿ ಮಾರುವ ಪುಡಿ, ಅದರಲ್ಲಿ ಯಾವ ಲೋಹ ಎಷ್ಟಿದೆ ಅಂತ ಮೊದಲೇ ಪ್ರಮಾಣಪತ್ರ ಇರುತ್ತದೆ. ನಮ್ಮ ತಕ್ಕಡಿಗೆ ಸರ್ಕಾರಿ ಮುದ್ರೆಯ ತೂಕದ ಕಲ್ಲು ಇಟ್ಟು ನೋಡುವುದಿಲ್ಲವೇ, ಹಾಗೆ.

ಪಾದರಸದ ಕಥೆ ಬೇರೆ. ಹಳೆ ರಿಪೋರ್ಟಿನ "ಪತ್ತೆಯಾಗಿಲ್ಲ" ನೋಡಿ ನಾನು ಖುಷಿಪಟ್ಟಿದ್ದೆ. ಹುಡುಗ ನಕ್ಕ. ಅಲ್ಲಿ ಪುಡಿಯನ್ನು ಆಸಿಡ್ ಹಾಕಿ ತೆರೆದ ಬೀಕರಿನಲ್ಲಿ ಹಾಟ್‌ಪ್ಲೇಟ್ ಮೇಲೆ ಕುದಿಸಿದ್ದರು. ಪಾದರಸ ಇದ್ದಿದ್ದರೂ ಹೊಗೆಯ ಜೊತೆ ಹೋಗಿರುತ್ತಿತ್ತು. ಇವರು ಅರ್ಧ ಗ್ರಾಂ ಪುಡಿಯನ್ನು ನೈಟ್ರಿಕ್ ಆಸಿಡ್ ಜೊತೆ ಮುಚ್ಚಿದ ಪಾತ್ರೆಯಲ್ಲಿ ಮೈಕ್ರೋವೇವಿಗೆ ಇಡುತ್ತಾರೆ, ಕುಕ್ಕರಿನ ಹಾಗೆ. ಆಮೇಲೆ ಪಾದರಸವನ್ನು ಪ್ಲಾಸ್ಮಾದಲ್ಲಿ ನೋಡದೆ ಕೋಲ್ಡ್ ವೇಪರ್ ವಿಧಾನದಲ್ಲಿ (ಕಾಯಿಸದೆಯೇ ಆವಿ ಮಾಡಿ) ಬೇರೆಯಾಗಿ ಅಳೆಯುತ್ತಾರೆ. 0.04 ಬಂತು.

ಈಗ ಬೈಗುಳ. ಐದು ದಿನ ಅಂದವರು ಒಂಬತ್ತು ದಿನ ಮಾಡಿದರು. ಆರ್ಗಾನ್ ಮುಗಿದಿತ್ತಂತೆ. ಮಷೀನ್ ನಿಮಿಷಕ್ಕೆ 15 ಲೀಟರಿಗೂ ಜಾಸ್ತಿ ಕುಡಿಯುತ್ತದೆ, 7 ಘನ ಮೀಟರಿನ ಸಿಲಿಂಡರ್ ಒಂದು ಪಾಳಿಗೂ ಸಾಲುವುದಿಲ್ಲ, ನಿಜ. ಆದರೆ ಅದು ನಿಮಗೆ ಇವತ್ತು ಗೊತ್ತಾಗಿದ್ದಾ? ಮನೆಯಲ್ಲಿ ಗ್ಯಾಸ್ ಸಿಲಿಂಡರ್ ನಾವು ಎರಡು ಇಟ್ಟುಕೊಳ್ಳುವುದಿಲ್ಲವೇ? ಫೋನ್ ಮಾಡಿ ಹೇಳಲೂ ಇಲ್ಲ. ರಿಪೋರ್ಟಿನಲ್ಲಿ ನನ್ನ ಘಟಕದ ಹೆಸರು ತಪ್ಪು ಬಿದ್ದು, ತಿದ್ದಿಸಲು ಇನ್ನೆರಡು ದಿನ. ನಾಲ್ಕು ಲೋಹಕ್ಕೆ 3,200 ರೂಪಾಯಿ, ಜಿಎಸ್‌ಟಿ ಬೇರೆ. ಮೊದಲಿನ ಲ್ಯಾಬಿಗಿಂತ 1,400 ಜಾಸ್ತಿ. ಪಾರ್ಕಿಂಗ್ ಇಲ್ಲ, ಲಾರಿಗಳ ನಡುವೆ ಸ್ಕೂಟರ್ ತೂರಿಸಬೇಕು.

ಎಲ್ಲಿಗೇ ಕೊಡುವುದಿದ್ದರೂ ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಮುದ್ರೆ ಮಾತ್ರ ನೋಡಬೇಡಿ. ಅದರ ಸ್ಕೋಪ್ ಪಟ್ಟಿಯಲ್ಲಿ ನಿಮ್ಮ ವಸ್ತು, ನಿಮ್ಮ ಲೋಹ ಎರಡೂ ಇವೆಯಾ ನೋಡಿ. ನೀರು ಅಳೆಯಲು ಮಾನ್ಯತೆ ಪಡೆದವರು ಬೇರಿನ ಪುಡಿಗೂ ಪಡೆದಿರಬೇಕೆಂದಿಲ್ಲ. ನಾನು ಮೊದಲ ಸಲ ಇದನ್ನು ನೋಡಿರಲಿಲ್ಲ, ನನ್ನದೂ ತಪ್ಪಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆರ್ಗಾನಿಗಾಗಿ ಒಂದು ಕಡಿತ.

ಮುಂದಿನ ವಾರ ತ್ರಿಫಲಾ ಕೊಡುವುದಿದೆ. ಹೋದ ಸಲ ಸ್ಯಾಂಪಲನ್ನು ಅಜ್ಜಿಯ ಹಿತ್ತಾಳೆ ಕುಟ್ಟಾಣಿಯಲ್ಲಿ ಕುಟ್ಟಿ ಒಯ್ದಿದ್ದೆ. "ಹಿತ್ತಾಳ್ಯಾಗ ತಾಮ್ರ, ಸತು ಇರತೈತಿ, ಕೆಲವೊಮ್ಮೆ ಸೀಸಾನೂ ಇರತೈತಿ ಅಕ್ಕಾರ" ಅಂತ ವಾಪಸ್ ಕಳಿಸಿ, ಬೇರೆ ತರಿಸಿದ್ದ. ಈ ಸಲ ಇಡೀ ಕಾಯಿಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯುತ್ತೇನೆ. ಪುಡಿ ಅವನೇ ಮಾಡಿಕೊಳ್ಳಲಿ.