ಮೊದಲು ಓವರ್‌ಹೆಡ್ ಪ್ರೆಸ್, ಆಮೇಲೆ ಬೆಂಚ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಓವರ್‌ಹೆಡ್ ಪ್ರೆಸ್‌ಗೆ. ಎರಡು ವರ್ಷ ಬೆಂಚ್ ಪ್ರೆಸ್ಸನ್ನೇ, ಅಂದರೆ ಬೆಂಚ್ ಮೇಲೆ ಅಂಗಾತ ಮಲಗಿ ಭಾರದ ಕಂಬಿಯನ್ನು (ಬಾರ್) ಎದೆಯಿಂದ ಮೇಲಕ್ಕೆ ತಳ್ಳುವುದನ್ನೇ, ಮುಖ್ಯ ಮಾಡಿಕೊಂಡಿದ್ದೆ. ಈಗ ಎಂಟು ತಿಂಗಳಿಂದ ನಿಂತುಕೊಂಡು ಬಾರ್ ತಲೆಯ ಮೇಲೆ ಎತ್ತುವ ಓವರ್‌ಹೆಡ್ ಪ್ರೆಸ್ಸೇ ಮೊದಲು, ಬೆಂಚ್ ಆಮೇಲೆ. ಎರಡನ್ನೂ ಮಾಡಬೇಕು, ಅದರಲ್ಲಿ ತಕರಾರಿಲ್ಲ. ಮೈಯಲ್ಲಿ ಶಕ್ತಿ ಜಾಸ್ತಿ ಇರುವಾಗ ಯಾವುದಕ್ಕೆ ಕೈ ಹಾಕಬೇಕು ಅನ್ನುವುದಷ್ಟೇ ಪ್ರಶ್ನೆ.

ಬದಲಾಯಿಸಿದ್ದು ಒಂದು ದಿನದ ಅನುಭವದಿಂದ. ನಾನು ಬೆಳಗ್ಗೆ ಐದೂವರೆಗೆ ಒಬ್ಬನೇ ವ್ಯಾಯಾಮ ಮಾಡುವವನು. ಅವತ್ತು ಬೆಂಚ್ ಮೇಲೆ 80 ಕೆಜಿ, ಐದನೇ ರೆಪ್ (ಒಂದು ಸಲ ಇಳಿಸಿ ಎತ್ತಿದರೆ ಒಂದು ರೆಪ್). ಬಾರ್ ಅರ್ಧ ಮೇಲೆ ಹೋಗಿ ನಿಂತಿತು, ಒಂದೆರಡು ಕ್ಷಣ ನಡುಗಿತು, ಆಮೇಲೆ ನಿಧಾನಕ್ಕೆ ಇಳಿದು ಎದೆ ಮೇಲೆ ಕೂತುಬಿಟ್ಟಿತು. ಕೂಗಿದರೆ ಬರುವವರು ಯಾರೂ ಇರಲಿಲ್ಲ. ಪ್ಲೇಟ್ ಜಾರದ ಹಾಗೆ ಎರಡೂ ಕಡೆ ಕ್ಲಿಪ್ ಹಾಕಿದ್ದರಿಂದ ಒಂದು ಕಡೆಗೆ ವಾಲಿಸಿ ಪ್ಲೇಟ್ ಜಾರಿಸುವ ದಾರಿಯೂ ಮುಚ್ಚಿತ್ತು. ಕೊನೆಗೆ ಬಾರನ್ನು ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ ಉರುಳಿಸಿಕೊಂಡು ಎದ್ದು ಕೂತೆ. ಹೊಟ್ಟೆ ಮೇಲೆ ಹಾದುಹೋಗುವಾಗ ಉಸಿರೇ ಸಿಗಲಿಲ್ಲ. ಪಕ್ಕೆಲುಬಿನ ಕೆಳಗಿನ ನೋವು ಎರಡು ವಾರ ಹೋಗಲಿಲ್ಲ. ಒಬ್ಬರೇ ಬೆಂಚ್ ಮಾಡುವವರು ದಯವಿಟ್ಟು ಪಕ್ಕದ ಸೇಫ್ಟಿ ಕಂಬಿಗಳನ್ನು ಎದೆಗಿಂತ ಸ್ವಲ್ಪ ಕೆಳಗೆ ಹೊಂದಿಸಿಕೊಳ್ಳಿ. ಕಂಬಿ ಇಲ್ಲದಿದ್ದರೆ ಕ್ಲಿಪ್ ಹಾಕಲೇಬೇಡಿ.

ಓವರ್‌ಹೆಡ್ ಪ್ರೆಸ್‌ನಲ್ಲಿ ಶಕ್ತಿ ಮುಗಿದರೆ ಬಾರ್ ಬಂದ ದಾರಿಯಲ್ಲೇ ವಾಪಸ್ ಭುಜಕ್ಕೆ ಇಳಿಯುತ್ತದೆ. ಸ್ಟ್ಯಾಂಡಿಗೆ ಇಟ್ಟರೆ ಆಯಿತು. ಒಂಟಿಯಾಗಿ ಮಾಡುವವನಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನು ಭುಜ. ಬೆಂಚ್‌ನಲ್ಲಿ ಭುಜದ ಹಿಂದಿನ ಚಪ್ಪಟೆ ಮೂಳೆಗಳನ್ನು ಹಿಂದಕ್ಕೆ ಒತ್ತಿ ಹಿಡಿದೇ ಮಾಡಬೇಕು, ಅವು ಅಲ್ಲಾಡುವ ಹಾಗಿಲ್ಲ. ತಲೆ ಮೇಲೆ ಎತ್ತುವಾಗ ಅದೇ ಮೂಳೆಗಳು ಕೈಯ ಜೊತೆ ತಿರುಗಿ ಮೇಲೇಳುತ್ತವೆ. ವಾರಕ್ಕೆ ಮೂರು ದಿನ ಬೆಂಚ್ ಮಾಡುತ್ತಿದ್ದಾಗ ಎಡಭುಜದ ಮುಂದೆ ಒಂದು ಚುಚ್ಚು ನೋವು ಇತ್ತು, ಶರ್ಟ್ ತೋಳಿಗೆ ಕೈ ತೂರಿಸುವಾಗ ಹಿಡಿದುಕೊಳ್ಳುತ್ತಿತ್ತು. ಕ್ರಮ ಬದಲಾಯಿಸಿದ ಮೇಲೆ ಅದು ಹೋಯಿತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಗೋಡೆಗೆ ಬೆನ್ನು ಒತ್ತಿ ನಿಂತು ಎರಡೂ ಕೈ ನೇರ ಮೇಲೆತ್ತಿ ನೋಡಿ. ಸೊಂಟ ಬಿಲ್ಲಿನ ಹಾಗೆ ಬಾಗದೆ ಕೈ ಮೇಲೆ ಹೋಗುವುದಿಲ್ಲ ಅಂದರೆ ಮೊದಲು ಆ ಬಿಗಿತ ಬಿಡಿಸಿಕೊಳ್ಳಿ, ಭಾರ ಆಮೇಲೆ.

ಎದೆ ತುಂಬಿಕೊಳ್ಳಬೇಕಾದರೆ ಬೆಂಚೇ. ಇದರಲ್ಲಿ ವಾದ ಇಲ್ಲ.

ಈಗ ಓವರ್‌ಹೆಡ್ ಪ್ರೆಸ್‌ನ ನಿಜವಾದ ತೊಂದರೆಗೆ ಬರುತ್ತೇನೆ. ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ. ಭಾರ ಏರಿಸುವುದೇ ಆಗುವುದಿಲ್ಲ! 35 ಕೆಜಿಯಿಂದ ಶುರು ಮಾಡಿದೆ, ಐದು ರೆಪ್‌ನ ಐದು ಸೆಟ್, ಅಂದರೆ ನಡುವೆ ವಿರಾಮ ಕೊಟ್ಟು ಐದೈದು ಸಲ ಐದು ಸುತ್ತು. ಆರು ವಾರದಲ್ಲಿ 40ಕ್ಕೆ ಬಂದೆ. ಅಲ್ಲಿ ನಿಂತವನು ಏಳು ವಾರ ಅಲ್ಲೇ ನಿಂತೆ. 42.5 ಹಾಕಿದರೆ ಎರಡು ರೆಪ್ ಬರುತ್ತಿತ್ತು, ಮೂರನೆಯದು ಹಣೆಯ ಎತ್ತರಕ್ಕೆ ಬಂದು ಗೋಡೆಗೆ ತಾಗಿದ ಹಾಗೆ ನಿಲ್ಲುತ್ತಿತ್ತು. ನಿದ್ದೆ ಕಡಿಮೆಯಾಯಿತೇನೋ, ಊಟ ಸಾಲದೇನೋ ಅಂತ ಎಲ್ಲಾ ಸರಿ ಮಾಡಿ ನೋಡಿದೆ. ಕಾರಣ ಲೆಕ್ಕದಲ್ಲಿತ್ತು. ಸಾಮಾನ್ಯವಾಗಿ ಸಿಗುವ ಅತಿ ಚಿಕ್ಕ ಪ್ಲೇಟ್ 1.25 ಕೆಜಿ, ಎರಡೂ ಕಡೆ ಸೇರಿ 2.5. ಬೆಂಚ್‌ನಲ್ಲಿ 80ರ ಮೇಲೆ 2.5 ಅಂದರೆ ನೂರಕ್ಕೆ ಮೂರು ಚಿಲ್ಲರೆ. ಪ್ರೆಸ್‌ನಲ್ಲಿ 40ರ ಮೇಲೆ ಅದೇ 2.5 ನೂರಕ್ಕೆ ಆರು ಚಿಲ್ಲರೆ. ಅದೇ ಪ್ಲೇಟ್, ಆದರೆ ಏರಬೇಕಾದ ಮೆಟ್ಟಿಲು ಎರಡರಷ್ಟು ಎತ್ತರ. ಅದೂ ಪ್ರೆಸ್‌ನಲ್ಲಿ ದುಡಿಯುವುದು ಭುಜ ಮತ್ತು ತೋಳಿನ ಸಣ್ಣ ಸ್ನಾಯುಗಳು, ಎದೆಯಂಥ ದೊಡ್ಡ ಸ್ನಾಯುವಿನ ಆಸರೆ ಕಡಿಮೆ.

ಅರ್ಧ ಕೆಜಿಯ ಎರಡು ಪ್ಲೇಟ್ ತಗೊಂಡೆ. ಈ ವ್ಯಾಯಾಮಕ್ಕೆ ನಾನು ಮಾಡಿದ ಖರ್ಚು ಅಷ್ಟೇ, ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಈಗ ಒಂದು ಸಲಕ್ಕೆ 1 ಕೆಜಿ ಮಾತ್ರ ಏರಿಸುತ್ತೇನೆ, ಅದೂ ಎರಡು ವಾರಕ್ಕೊಮ್ಮೆ. ಪ್ಲೇಟ್ ಸಿಗದಿದ್ದರೆ ಕಾಲಿಗೆ ಕಟ್ಟುವ ಅರ್ಧ ಕೆಜಿಯ ತೂಕದ ಪಟ್ಟಿಗಳನ್ನು ಬಾರಿನ ಎರಡೂ ಕಡೆ ಸಮನಾಗಿ ಸುತ್ತಿದರೂ ನಡೆಯುತ್ತದೆ. ಅದೂ ಬೇಡ ಅಂದರೆ ಅದೇ 40 ಕೆಜಿಯಲ್ಲಿ ರೆಪ್ ಐದರಿಂದ ಎಂಟಕ್ಕೆ ಏರಿಸಿಕೊಂಡು, ಆಮೇಲೆ 42.5ಕ್ಕೆ ಹೋಗಿ.

ಆ ಏಳು ವಾರದಲ್ಲಿ ಇನ್ನೂ ಎರಡು ತಪ್ಪು ಕಂಡವು. ಪಕ್ಕದಿಂದ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ನೋಡಿದರೆ, ಬಾರ್ ನನ್ನ ಮುಖವನ್ನು ಸುತ್ತಿ ಮುಂದೆ ಹೋಗುತ್ತಿತ್ತು. ಮೈಯಿಂದ ದೂರ ಹೋದಷ್ಟೂ ಅದು ಭಾರ. ಬಾರ್ ದಾರಿ ಬದಲಾಯಿಸಬಾರದು, ತಲೆ ದಾರಿ ಬಿಡಬೇಕು. ಗದ್ದ ಸ್ವಲ್ಪ ಹಿಂದೆ ಎಳೆದು, ಬಾರ್ ಮೂಗಿನ ತುದಿ ಸವರಿಕೊಂಡು ಹೋಗುವ ಹಾಗೆ ಬಿಟ್ಟು, ಹಣೆ ದಾಟಿದ ತಕ್ಷಣ ತಲೆ ಮುಂದೆ ತರುವುದು. ಎರಡನೆಯದು ಉಸಿರು. ಬೆಂಚ್‌ನಲ್ಲಿ ಬಾರ್ ಮೊದಲು ಇಳಿಯುತ್ತದೆ, ಆ ಇಳಿತದ ಎಳೆತ ವಾಪಸ್ ತಳ್ಳಲು ಸಹಾಯ ಮಾಡುತ್ತದೆ. ಪ್ರೆಸ್ ಶುರುವಾಗುವುದೇ ಕೆಳಗಿನಿಂದ, ನಿಂತ ಬಾರಿನಿಂದ. ನಾನು ಪ್ರತಿ ರೆಪ್ ಆದ ಮೇಲೆ ಬಾರನ್ನು ಕತ್ತಿನ ಕೆಳಗೆ ಇಟ್ಟುಕೊಂಡು ಉಸಿರು ತಗೊಳ್ಳುತ್ತಿದ್ದೆ, ಹಾಗಾಗಿ ಐದೂ ರೆಪ್ ಮೊದಲನೆಯದರಷ್ಟೇ ಕಷ್ಟ ಆಗುತ್ತಿತ್ತು. ಈಗ ಮೇಲೆ ಕೈ ನೇರ ಇರುವಾಗಲೇ ಉಸಿರು ತುಂಬಿಕೊಂಡು, ಇಳಿಸಿ, ತಾಗಿದ ಕೂಡಲೇ ಎತ್ತುತ್ತೇನೆ.

ಭಾರ ಜಾಸ್ತಿಯಾದಾಗ ಸೊಂಟ ಹಿಂದಕ್ಕೆ ಬಾಗಿಸಿ ಎದೆಯಿಂದ ತಳ್ಳುವ ಆಸೆ ಬರುತ್ತದೆ. ಇದು ಹಳೆಯ ರೋಗ. ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್‌ನಲ್ಲಿ 1972ರ ಮ್ಯೂನಿಕ್‌ವರೆಗೂ ಪ್ರೆಸ್ ಸ್ಪರ್ಧೆಯ ಒಂದು ಭಾಗವಾಗಿತ್ತು. ಸೋವಿಯತ್ ಒಕ್ಕೂಟದ ವಾಸಿಲಿ ಅಲೆಕ್ಸೇಯೆವ್ ಆ ವರ್ಷ 236.5 ಕೆಜಿ ಎತ್ತಿದ್ದರು. ಆದರೆ ಸ್ಪರ್ಧಿಗಳು ಎಷ್ಟು ಹಿಂದೆ ಬಾಗುತ್ತಿದ್ದರು ಅಂದರೆ, ಯಾವುದು ಸರಿ ಯಾವುದು ತಪ್ಪು ಅಂತ ತೀರ್ಪುಗಾರರಿಗೆ ಹೇಳುವುದೇ ಕಷ್ಟವಾಗಿ, ಆ ಒಲಿಂಪಿಕ್ಸ್ ಆದಮೇಲೆ ಅದನ್ನು ತೆಗೆದೇಬಿಟ್ಟರು. ಭಾರ ಎತ್ತುವ ಇನ್ನೊಂದು ಸ್ಪರ್ಧೆಯಾದ ಪವರ್‌ಲಿಫ್ಟಿಂಗ್‌ನಲ್ಲಿ ಇರುವುದು ಬೆಂಚ್. ಅದಕ್ಕೇ ಈಗ ಎಲ್ಲರೂ ಕೇಳುವುದು ಬೆಂಚ್ ಎಷ್ಟು ಅಂತ, ಅಲ್ವಾ? ಬಾಗದಿರಲು ನನಗೆ ಕೆಲಸ ಮಾಡಿದ್ದು ಒಂದೇ ಉಪಾಯ: ಬಾರ್ ಮುಟ್ಟುವ ಮುಂಚೆಯೇ ತೊಡೆ, ಕುಂಡಿ, ಹೊಟ್ಟೆ ಬಿಗಿ ಮಾಡಿ ನಿಲ್ಲುವುದು.

ಮನೆಯಲ್ಲಿ ಮಾಡುವವರು ಸೂರಿನ ಎತ್ತರ ಅಳೆದುಕೊಳ್ಳಿ.

ಬೆಂಚ್ ಏನಾಯಿತು ಅಂತ ಕೇಳುತ್ತೀರಿ. ಮೊದಲ ತಿಂಗಳು 80ರಿಂದ 72.5ಕ್ಕೆ ಇಳಿಯಿತು, ಬೇಸರವೂ ಆಯಿತು. ಆಮೇಲೆ ತಾನಾಗಿಯೇ ಏರಿ ಈಗ 77.5ರಲ್ಲಿದೆ. ವಾರಕ್ಕೆ ಒಂದೇ ದಿನ ಮಾಡಿ ಇಷ್ಟು ಉಳಿದದ್ದು ನನಗೆ ಸಾಕು. ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಇಳಿಯುವವರು ನನ್ನ ಮಾತು ಕೇಳಬೇಡಿ, ಅವರಿಗೆ ಬೆಂಚೇ ಮೊದಲು. ನನಗೆ ಇರುವುದು ವಾರಕ್ಕೆ ಮೂರು ದಿನ, ದಿನಕ್ಕೆ 50 ನಿಮಿಷ, ಜೊತೆಗೆ ಯಾರೂ ಇಲ್ಲ. ಸೋಮವಾರ ಭಾರದ ಪ್ರೆಸ್, ಬುಧವಾರ ಬೆಂಚ್, ಶುಕ್ರವಾರ ಹಗುರದ ಪ್ರೆಸ್, ಎಂಟು ರೆಪ್‌ನ ಮೂರು ಸೆಟ್. ಭಾರದ ಸೆಟ್‌ಗಳ ನಡುವೆ ಮೂರು ನಿಮಿಷ ಕೂರುತ್ತೇನೆ, ಅದನ್ನು ಕಡಿಮೆ ಮಾಡಿದರೆ ನಾಲ್ಕನೇ ಸೆಟ್‌ನಲ್ಲೇ ಗೊತ್ತಾಗಿಬಿಡುತ್ತದೆ.

ಈ ಸೋಮವಾರ 50 ಕೆಜಿ, ಐದೂ ಸೆಟ್‌ನಲ್ಲಿ ಐದೈದು ರೆಪ್ ಬಂತು. ಇನ್ನೊಂದು ವಾರ ಇದರಲ್ಲೇ ಇದ್ದು, ಆಮೇಲೆ ಆ ಅರ್ಧ ಕೆಜಿ ಪ್ಲೇಟ್‌ಗಳನ್ನು ಸೇರಿಸುತ್ತೇನೆ.